ಒಂದೇ ಮಿಕ್ಸಿ, ಒಂದೇ ಫ್ರಿಜ್. ಆದರೆ ದೇಶಕ್ಕೊಂದು ಬಿಡಿಭಾಗ ಏಕೆ? ಇಲ್ಲಿದೆ ಸಮಗ್ರ ಮಾಹಿತಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿ ಪುಡಿ, ಲೇಹ್ಯದ ಡಬ್ಬಿಗಳ ಜೊತೆಗೆ ಮಿಕ್ಸಿಯೂ ಸೇರಿಕೊಳ್ಳುವುದು ಹೊಸದೇನಲ್ಲ. ಅಂಗಡಿಯಾತ ಆಗ ತಪ್ಪದೆ ಕೇಳುವ ಪ್ರಶ್ನೆ ಒಂದೇ: 'ಇಲ್ಲಿಗಾ, ಅಮೆರಿಕಕ್ಕಾ?' ಅಮೆರಿಕಕ್ಕೆ ಎಂದರೆ ಅದೇ ಬಣ್ಣದ, ಅದೇ ಜಾರಿನ, ಅದೇ ಹೆಸರಿನ ಮತ್ತೊಂದು ಪೆಟ್ಟಿಗೆ ಬರುತ್ತದೆ. ಹೊರಗೆ ವ್ಯತ್ಯಾಸ ಕಾಣುವುದಿಲ್ಲ. ಒಳಗಿನ ಮೋಟಾರಿನ ತಂತಿ ಸುತ್ತು, ಸ್ವಿಚ್, ವೈರ್, ಪ್ಲಗ್ ಎಲ್ಲವೂ ಬೇರೆ.

ಒಂದು ದೇಶದ ಅಡುಗೆಮನೆಗೆ ಮಾಡಿದ ಉಪಕರಣವನ್ನು ಇನ್ನೊಂದು ದೇಶದಲ್ಲಿ ಮಾರಬೇಕಾದರೆ ಅದರ ಬಿಡಿಭಾಗಗಳನ್ನು ಮತ್ತೆ ವಿನ್ಯಾಸ ಮಾಡಬೇಕಾಗುತ್ತದೆ. ಎಲ್ಲಿ ಎಡವಿದರೂ ಮೋಟಾರ್ ಸುಡುತ್ತದೆ, ಕಂಪನಿ ಕೋಟ್ಯಂತರ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಮನೆಗೇ ಬೆಂಕಿ ಬೀಳುತ್ತದೆ. ವಿನ್ಯಾಸಕಾರರು ಏನನ್ನೆಲ್ಲ ಲೆಕ್ಕ ಹಾಕುತ್ತಾರೆ? ಗ್ರಾಹಕರು ಏನನ್ನು ಗಮನಿಸಬೇಕು? ವಿವರ ಇಲ್ಲಿದೆ.

ಮೊದಲ ಪ್ರಶ್ನೆ: ಗೋಡೆಯಲ್ಲಿ ಎಷ್ಟು ವೋಲ್ಟ್?

ಮನೆಗಳಿಗೆ ಬರುವ ವಿದ್ಯುತ್ತು ಜಗತ್ತಿನಲ್ಲೆಲ್ಲ ಒಂದೇ ರೀತಿ ಇಲ್ಲ. ಕೆಲವು ಪ್ರಮುಖ ಮಾರುಕಟ್ಟೆಗಳು ಹೀಗಿವೆ:

* ಭಾರತ, ಬ್ರಿಟನ್, ಯುರೋಪ್: 230 ವೋಲ್ಟ್, 50 ಹರ್ಟ್ಜ್
* ಅಮೆರಿಕ, ಕೆನಡಾ: 120 ವೋಲ್ಟ್, 60 ಹರ್ಟ್ಜ್
* ಜಪಾನ್: 100 ವೋಲ್ಟ್, ದೇಶದ ಪೂರ್ವದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60 ಹರ್ಟ್ಜ್
* ಬ್ರೆಜಿಲ್: ಊರಿಗೆ ತಕ್ಕಂತೆ 127 ಅಥವಾ 220 ವೋಲ್ಟ್, 60 ಹರ್ಟ್ಜ್

ಜಪಾನಿನ ಕತೆ ಸ್ವಾರಸ್ಯಕರ. 19ನೇ ಶತಮಾನದ ಕೊನೆಯಲ್ಲಿ ಟೋಕಿಯೋ ಜರ್ಮನಿಯಿಂದ ಜನರೇಟರ್ ತರಿಸಿತು, ಒಸಾಕಾ ಅಮೆರಿಕದಿಂದ ತರಿಸಿತು. ಮೊದಲನೆಯದು 50 ಹರ್ಟ್ಜ್, ಎರಡನೆಯದು 60. ಇಂದಿಗೂ ದೇಶ ಎರಡು ಭಾಗವಾಗಿಯೇ ಉಳಿದಿದೆ. ಹಳೆಯ ಕಾಲದ ಮೈಕ್ರೋವೇವ್ ಓವನ್‌ಗಳನ್ನು ಟೋಕಿಯೋದಿಂದ ಒಸಾಕಾಗೆ ಒಯ್ದರೆ ಬಿಡಿಭಾಗ ಬದಲಿಸಬೇಕಾಗಿತ್ತು. ಈ ತೊಡಕಿನಿಂದಾಗಿಯೇ ಅಲ್ಲಿನ ಕಂಪನಿಗಳು ಎರಡೂ ಕಡೆ ನಡೆಯುವ ಉಪಕರಣಗಳತ್ತ ಬೇಗ ಹೊರಳಿದವು.

ಬಿಸಿ ಮಾಡುವ ಸಾಧನಗಳ ಲೆಕ್ಕ

ಇಸ್ತ್ರಿಪೆಟ್ಟಿಗೆ, ಗೀಸರ್, ಕೆಟಲ್, ಟೋಸ್ಟರ್ ಇವೆಲ್ಲದರ ಜೀವ ಹೀಟಿಂಗ್ ಕಾಯಿಲ್. ಇವುಗಳಿಗೆ ಹರ್ಟ್ಜ್ ಮುಖ್ಯವಲ್ಲ, ವೋಲ್ಟ್ ಮಾತ್ರ ಮುಖ್ಯ. 230 ವೋಲ್ಟಿಗೆ ಮಾಡಿದ 1,000 ವ್ಯಾಟ್ ಕಾಯಿಲ್‌ನ ರೋಧ ಸುಮಾರು 53 ಓಮ್. ಅಷ್ಟೇ ಶಾಖವನ್ನು 120 ವೋಲ್ಟಿನಲ್ಲಿ ಪಡೆಯಬೇಕಾದರೆ ರೋಧ 14.4 ಓಮ್‌ಗೆ ಇಳಿಯಬೇಕು. ಅಂದರೆ ಕಾಯಿಲ್ಲೇ ಬೇರೆ.

ಭಾರತದ ಇಸ್ತ್ರಿಪೆಟ್ಟಿಗೆಯನ್ನು ಅಮೆರಿಕದಲ್ಲಿ ಹಾಕಿದರೆ ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಶಾಖ ಮಾತ್ರ ಸಿಗುತ್ತದೆ. ಬಟ್ಟೆಯ ಸುಕ್ಕು ಹೋಗುವುದಿಲ್ಲ, ಅಷ್ಟೆ. ಆದರೆ ಅಮೆರಿಕದ್ದನ್ನು ಇಲ್ಲಿ ಹಾಕಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಒಮ್ಮೆಗೇ ನುಗ್ಗುತ್ತದೆ. ಕ್ಷಣಗಳಲ್ಲಿ ಕಾಯಿಲ್ ಸುಟ್ಟುಹೋಗಬಹುದು, ಬೆಂಕಿಯೂ ಹತ್ತಬಹುದು.

ಕಾಯಿಲ್ ಬದಲಿಸಿದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ. 1,000 ವ್ಯಾಟಿಗೆ 230 ವೋಲ್ಟಿನಲ್ಲಿ 4.3 ಆಂಪಿಯರ್ ಸಾಕು; 120 ವೋಲ್ಟಿನಲ್ಲಿ 8.3 ಆಂಪಿಯರ್ ಹರಿಯಬೇಕು. ಅದೇ ದಪ್ಪದ ವೈರ್ ಇಟ್ಟರೆ ಅದರಲ್ಲಿ ಹುಟ್ಟುವ ಶಾಖ ಸುಮಾರು 3.7 ಪಟ್ಟು ಹೆಚ್ಚು. ಆದ್ದರಿಂದ ವೈರ್ ದಪ್ಪವಾಗಬೇಕು, ಸ್ವಿಚ್ಚಿನ ಕಾಂಟ್ಯಾಕ್ಟ್ ದೊಡ್ಡದಾಗಬೇಕು, ತಂತಿ ಸಿಕ್ಕಿಸುವ ಟರ್ಮಿನಲ್ ಬಿಗಿಯಾಗಬೇಕು.

ಬ್ರಿಟನ್‌ನಲ್ಲಿ 3,000 ವ್ಯಾಟ್ ಕೆಟಲ್ ಸಾಮಾನ್ಯ. 13 ಆಂಪಿಯರ್ ಪ್ಲಗ್ ಅಷ್ಟನ್ನು ತಡೆದುಕೊಳ್ಳುತ್ತದೆ. ಅಮೆರಿಕದ ಮಾಮೂಲಿ 15 ಆಂಪಿಯರ್ ಸಾಕೆಟ್ಟಿನ ಮಿತಿಯೇ 1,800 ವ್ಯಾಟ್. ಅಲ್ಲಿನ ಕೆಟಲ್ 1,500 ವ್ಯಾಟಿನ ಆಸುಪಾಸಿನಲ್ಲಿರುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರು ಕುದಿಯಲು ಮೊದಲನೆಯದಕ್ಕೆ ಸುಮಾರು ಒಂದು ಮುಕ್ಕಾಲು ನಿಮಿಷ, ಎರಡನೆಯದಕ್ಕೆ ಮೂರೂವರೆ ನಿಮಿಷ (ಶಾಖ ನಷ್ಟ ಬಿಟ್ಟು).

ಜಗತ್ತು ಸುತ್ತಿದ ಪುಟ್ಟ ತಟ್ಟೆ

ನೀರು ಕುದಿದ ಕೂಡಲೇ ಕೆಟಲ್ 'ಟಕ್' ಎಂದು ತಾನಾಗಿಯೇ ಆಫ್ ಆಗುವುದನ್ನು ಎಲ್ಲರೂ ನೋಡಿದ್ದಾರೆ. ಈ ಕೆಲಸ ಮಾಡುವುದು ಎರಡು ಲೋಹಗಳನ್ನು ಒಂದರ ಮೇಲೊಂದು ಬೆಸೆದ ಒಂದು ಸಣ್ಣ ತಟ್ಟೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಒಂದು ಹಂತ ದಾಟಿದೊಡನೆ ತಟ್ಟೆ ಫಕ್ಕನೆ ಮಗುಚಿಕೊಂಡು ಸ್ವಿಚ್ ತಳ್ಳುತ್ತದೆ.

ಈ ಬಿಡಿಭಾಗಕ್ಕೆ ಹೆಸರಾದವರು ಬ್ರಿಟನ್ನಿನ ಸಂಶೋಧಕ ಜಾನ್ ಸಿ. ಟೇಲರ್. ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ ನೆಲೆಗೊಂಡ ಸ್ಟ್ರಿಕ್ಸ್ ಕಂಪನಿ ತಯಾರಿಸುವ ಕೆಟಲ್ ಕಂಟ್ರೋಲ್‌ಗಳು ಜಗತ್ತಿನ ಹಲವು ಬ್ರ್ಯಾಂಡ್‌ಗಳ ಕೆಟಲ್‌ಗಳ ತಳದಲ್ಲಿವೆ. ಕೇಂಬ್ರಿಜ್‌ನಲ್ಲಿ 2008ರಲ್ಲಿ ಸ್ಟೀಫನ್ ಹಾಕಿಂಗ್ ಅನಾವರಣ ಮಾಡಿದ, ಮಿಡತೆಯಂತಹ ಪ್ರಾಣಿ ಕಾಲವನ್ನು ನುಂಗುವ ವಿಚಿತ್ರ ಗಡಿಯಾರವೂ ಇದೇ ಟೇಲರ್ ಅವರ ಕಲ್ಪನೆ.

ಇಲ್ಲೊಂದು ಜಾಣ ವಿನ್ಯಾಸವಿದೆ. ಈ ತಟ್ಟೆ ನೀರಿನ ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ. ಕುದಿದಾಗ ಏಳುವ ಹಬೆ ಬಂದು ತಾಗಿದರೆ ಮಗುಚುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 'ನೀರು 100 ಡಿಗ್ರಿ ಮುಟ್ಟಿದಾಗ ಆಫ್ ಆಗು' ಎಂದು ಹೇಳಿದ ಕೆಟಲ್ ಅಲ್ಲಿ ನೀರು ಇಂಗುವವರೆಗೂ ಕುದಿಯುತ್ತಲೇ ಇರುತ್ತಿತ್ತು. ಹಬೆಯನ್ನು ನಂಬಿದ ಕೆಟಲ್‌ಗೆ ಬೆಂಗಳೂರೂ ಒಂದೇ, ಲೇಹ್ ಕೂಡ ಒಂದೇ. ಯಾರಾದರೂ ನೀರಿಲ್ಲದೆ ಆನ್ ಮಾಡಿದರೆ ತಳದ ಬಿಸಿಗೆ ಮಗುಚುವ ಇನ್ನೊಂದು ತಟ್ಟೆ ಕಾವಲಿಗಿರುತ್ತದೆ.

ಮೋಟಾರ್: ಮಿಕ್ಸಿಯೇ ಬೇರೆ, ಗ್ರೈಂಡರೇ ಬೇರೆ

ಮಿಕ್ಸಿಯಲ್ಲಿರುವುದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರ್. ಇದಕ್ಕೆ 50 ಹರ್ಟ್ಜ್ ಆದರೂ ಸರಿ, 60 ಆದರೂ ಸರಿ. ವೋಲ್ಟ್ ಸರಿಯಿದ್ದರೆ ಸಾಕು. ಹಾಗಾಗಿ ಭಾರತದ ಮಿಕ್ಸಿಯನ್ನು ಅಮೆರಿಕದಲ್ಲಿ ತಕ್ಕ ಸಾಮರ್ಥ್ಯದ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು.

ವೆಟ್ ಗ್ರೈಂಡರ್, ಹಳೆಯ ಮಾದರಿಯ ಫ್ರಿಜ್, ವಾಷಿಂಗ್ ಮಷೀನ್‌ಗಳಲ್ಲಿರುವುದು ಇಂಡಕ್ಷನ್ ಮೋಟಾರ್. ಇದರ ವೇಗವನ್ನು ನಿರ್ಧರಿಸುವುದೇ ಹರ್ಟ್ಜ್. ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ 50 ಹರ್ಟ್ಜ್‌ನಲ್ಲಿ ನಿಮಿಷಕ್ಕೆ 1,500 ಸುತ್ತು ತಿರುಗಿದರೆ 60 ಹರ್ಟ್ಜ್‌ನಲ್ಲಿ 1,800 ಸುತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆಯೇ ಹೊರತು ಹರ್ಟ್ಜ್ ಬದಲಿಸುವುದಿಲ್ಲ. ಆದ್ದರಿಂದ ಇಲ್ಲಿಂದ ಒಯ್ದ ಗ್ರೈಂಡರ್ ಅಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟರೂ ಸುಮಾರು 20 ಶೇಕಡಾ ಜೋರಾಗಿ ತಿರುಗುತ್ತದೆ. ಇಡ್ಲಿ ಹಿಟ್ಟು ಬಿಸಿಯಾಗಬಾರದೆಂದೇ ನಿಧಾನ ರುಬ್ಬುವ ಕಲ್ಲಿಗೆ ಇದು ಒಳ್ಳೆಯದಲ್ಲ.

ಇದರ ತಿರುಗುಮುರುಗು ಇನ್ನೂ ಅಪಾಯ. 60 ಹರ್ಟ್ಜ್‌ಗೆ ಮಾಡಿದ ಮೋಟಾರನ್ನು ಅದೇ ವೋಲ್ಟಿನಲ್ಲಿ 50 ಹರ್ಟ್ಜ್‌ಗೆ ಹಾಕಿದರೆ ಅದರ ಕಬ್ಬಿಣದ ತಿರುಳು ಹಿಡಿಸಲಾರದಷ್ಟು ಕಾಂತಶಕ್ತಿ ತುಂಬಿಕೊಂಡು ಕರೆಂಟ್ ಎಳೆಯುವುದು ಹೆಚ್ಚುತ್ತದೆ, ಮೋಟಾರ್ ಕಾಯುತ್ತದೆ.

ಇನ್ವರ್ಟರ್ ತಂತ್ರಜ್ಞಾನ ಈ ಜಂಜಾಟವನ್ನು ಬಹುಮಟ್ಟಿಗೆ ತಗ್ಗಿಸಿದೆ. ಗೋಡೆಯಿಂದ ಬಂದ ವಿದ್ಯುತ್ತನ್ನು ಮೊದಲು ಡಿಸಿಗೆ ತಿರುಗಿಸಿ, ಮೋಟಾರಿಗೆ ಬೇಕಾದ ಹರ್ಟ್ಜ್ ಅನ್ನು ಸರ್ಕ್ಯೂಟ್ ಬೋರ್ಡೇ ತಯಾರಿಸಿಕೊಡುತ್ತದೆ. ಒಂದೇ ಕಂಪ್ರೆಸರನ್ನು ಹಲವು ದೇಶಗಳಿಗೆ ಹೊಂದಿಸಲು ಇದರಿಂದ ಸುಲಭ. ಆದರೆ ಮೊದಲು ಮೆಕ್ಯಾನಿಕ್ ಬಿಚ್ಚಿ ಸರಿಮಾಡುತ್ತಿದ್ದ ಜಾಗಕ್ಕೆ ಈಗ ದುಬಾರಿ ಬೋರ್ಡ್ ಬಂದು ಕೂತಿದೆ.

ಪ್ಲಗ್ ತಲೆನೋವಿಗೆ ಒಂದು ಉಪಾಯ

ಭಾರತದ ದುಂಡು ಕಡ್ಡಿಯ ಮೂರು ಪಿನ್, ಬ್ರಿಟನ್‌ನ ಒಳಗೇ ಫ್ಯೂಸ್ ಇರುವ ಚೌಕ ಪಿನ್, ಅಮೆರಿಕದ ಚಪ್ಪಟೆ ಪಿನ್, ಯುರೋಪಿನ ಎರಡು ದುಂಡು ಪಿನ್. ಹೀಗೆ ಪ್ಲಗ್‌ಗಳಲ್ಲಿ ಹತ್ತಕ್ಕೂ ಹೆಚ್ಚು ವಿಧ. ಜಗತ್ತಿಗೆಲ್ಲ ಒಂದೇ ಪ್ಲಗ್ ತರುವ ಯತ್ನವಾಗಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ (ಐಇಸಿ) ಒಂದು ಮಾದರಿ ರೂಪಿಸಿದರೂ ಅದನ್ನು ಅಳವಡಿಸಿಕೊಂಡ ದೊಡ್ಡ ದೇಶಗಳು ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾ ಮಾತ್ರ.

ಹಾಗಾಗಿ ವಿನ್ಯಾಸಕಾರರು ಬೇರೆ ದಾರಿ ಹಿಡಿದರು. ಗೋಡೆಯ ಕಡೆಯ ತುದಿ ಹೇಗಾದರೂ ಇರಲಿ, ಉಪಕರಣದ ಕಡೆಯ ತುದಿ ಎಲ್ಲೆಡೆ ಒಂದೇ ಇರಲಿ. ಕಂಪ್ಯೂಟರ್, ಮಾನಿಟರ್, ರೈಸ್ ಕುಕ್ಕರ್‌ಗಳ ಹಿಂದೆ ಸಿಕ್ಕಿಸಿ ತೆಗೆಯುವ ವೈರ್ ಇರುವುದು ಈ ಕಾರಣಕ್ಕೆ. ಐಇಸಿ 60320 ಎಂಬ ಮಾನದಂಡ ಇದನ್ನು ನಿಯಂತ್ರಿಸುತ್ತದೆ. ಕಾರ್ಖಾನೆಯಲ್ಲಿ ಉಪಕರಣ ಒಂದೇ. ಪೆಟ್ಟಿಗೆಗೆ ಹಾಕುವಾಗ ದೇಶಕ್ಕೆ ತಕ್ಕ ವೈರ್ ಇಟ್ಟರಾಯಿತು. ಬಿಸಿಯಾಗುವ ಉಪಕರಣಗಳ ಕನೆಕ್ಟರ್‌ನಲ್ಲಿ ಒಂದು ಕಚ್ಚು ಇರುತ್ತದೆ. ಹೆಚ್ಚು ಬಿಸಿ ತಡೆಯಲಾರದ ಕಂಪ್ಯೂಟರ್ ವೈರನ್ನು ಯಾರೂ ತಪ್ಪಿ ಅಲ್ಲಿಗೆ ಸಿಕ್ಕಿಸದಂತೆ ಆ ಕಚ್ಚು ತಡೆಯುತ್ತದೆ.

ಮುಂಬೈ ಅಡುಗೆಮನೆ ಕಲಿಸಿದ ಪಾಠ

ವೋಲ್ಟ್ ಸರಿಹೋದರೂ ಬಳಕೆ ಸರಿಹೋಗದಿದ್ದರೆ ಬಿಡಿಭಾಗ ಸೋಲುತ್ತದೆ. ಇದಕ್ಕೆ ಭಾರತದ್ದೇ ಪ್ರಸಿದ್ಧ ಉದಾಹರಣೆ ಸುಮೀತ್ ಮಿಕ್ಸಿ.

1960ರ ದಶಕದ ಮುಂಬೈ. ಮಾಧುರಿ ಮಾಥುರ್ ಅವರ ಮನೆಯಲ್ಲಿದ್ದ ಜರ್ಮನ್ ಮಿಕ್ಸರ್ ಭಾರತೀಯ ಅಡುಗೆಯ ಭಾರ ತಾಳಲಾರದೆ ಸುಟ್ಟಿತು. ಅವರ ಪತಿ, ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್, ಒಣಮೆಣಸು, ಅರಿಶಿನ, ನೆನೆಸಿದ ಅಕ್ಕಿಯನ್ನೂ ಅರೆಯಬಲ್ಲ ಗಟ್ಟಿ ಮೋಟಾರ್ ರೂಪಿಸಲು ಕೂತರು. ಅಲ್ಲಿಂದ ಹುಟ್ಟಿದ್ದೇ ಸುಮೀತ್.

ಜರ್ಮನ್ ಮಿಕ್ಸರ್ ಕೆಟ್ಟ ಸರಕೇನೂ ಆಗಿರಲಿಲ್ಲ. ಹಣ್ಣಿನ ರಸ, ಕೇಕ್ ಹಿಟ್ಟು ಕಲಸುವ ಅಡುಗೆಮನೆಗೆ ಅದು ಸರಿಯಾಗಿಯೇ ಇತ್ತು. ಇಲ್ಲಿ ಅದನ್ನು ಕೊಬ್ಬರಿ, ಧನಿಯ, ಮೆಣಸಿನ ಮುಂದೆ ನಿಲ್ಲಿಸಲಾಯಿತು. ಗಟ್ಟಿ ಪದಾರ್ಥಕ್ಕೆ ಸಿಲುಕಿ ಮೋಟಾರ್ ನಿಧಾನವಾದರೆ ಅದು ಎಳೆಯುವ ಕರೆಂಟ್ ಏರುತ್ತದೆ, ಅದನ್ನು ತಂಪಾಗಿಡುವ ಫ್ಯಾನ್ ಮಾತ್ರ ನಿಧಾನವಾಗುತ್ತದೆ. ಸುಡಲು ಇಷ್ಟು ಸಾಕು. ಭಾರತದ ಮಿಕ್ಸಿಗಳ ತಳದಲ್ಲಿ ಓವರ್‌ಲೋಡ್ ಬಟನ್, ಸ್ಟೀಲ್ ಜಾರು, ಸವೆದರೆ ಬದಲಿಸಬಹುದಾದ ಕಪ್ಲರ್ ಇರುವುದು ಈ ಅನುಭವದಿಂದ.

ಹವೆ, ನೀರು, ಇಲಿ: ಎಲ್ಲವೂ ಲೆಕ್ಕಕ್ಕೆ

ಫ್ರಿಜ್‌ಗಳನ್ನು ಸುತ್ತಲಿನ ಉಷ್ಣತೆಗೆ ತಕ್ಕಂತೆ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ:

* ಎಸ್‌ಎನ್: 10ರಿಂದ 32 ಡಿಗ್ರಿ
* ಎನ್: 16ರಿಂದ 32 ಡಿಗ್ರಿ
* ಎಸ್‌ಟಿ: 16ರಿಂದ 38 ಡಿಗ್ರಿ
* ಟಿ: 16ರಿಂದ 43 ಡಿಗ್ರಿ

ಉತ್ತರ ಯುರೋಪಿಗೆ ಮೊದಲೆರಡು ಸಾಕು. ಹೈದರಾಬಾದ್, ದೆಹಲಿ, ಕಲಬುರಗಿ, ರಾಯಚೂರಿನ ಬೇಸಿಗೆಗೆ 'ಟಿ' ಬೇಕು. ಅದಕ್ಕೆ ಕಂಪ್ರೆಸರಿನ ಸಾಮರ್ಥ್ಯ, ಹಿಂಬದಿಯ ಕಂಡೆನ್ಸರ್, ಗೋಡೆಯ ಫೋಮ್‌ನ ದಪ್ಪ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಈ ಅಕ್ಷರ ಫ್ರಿಜ್‌ನ ಒಳಗೋ ಹಿಂದೆಯೋ ಅಂಟಿಸಿದ ಪಟ್ಟಿಯಲ್ಲಿರುತ್ತದೆ.

ವಾಷಿಂಗ್ ಮಷೀನಿನ ಕತೆ ನೀರಿನದು. ಅಮೆರಿಕದಲ್ಲಿ ಮನೆಯ ಬಿಸಿನೀರು ಮತ್ತು ತಣ್ಣೀರಿಗೆ ಎರಡು ಪೈಪ್, ಮಷೀನಿನಲ್ಲಿ ಎರಡು ವಾಲ್ವ್. ಯುರೋಪಿನ ಬಹುತೇಕ ಮಷೀನ್‌ಗಳಿಗೆ ತಣ್ಣೀರು ಮಾತ್ರ. ಒಳಗಿನ ಹೀಟರ್ ಕಾಯಿಸಿಕೊಳ್ಳುತ್ತದೆ. ಎರಡೂ ಕಡೆ ಪೈಪ್ ಮುಕ್ಕಾಲು ಇಂಚಿನದೇ. ಆದರೆ ಯುರೋಪ್ ಮತ್ತು ಭಾರತದಲ್ಲಿ ಇಂಚಿಗೆ 14 ಮರೆ, ಅಮೆರಿಕದಲ್ಲಿ 11.5. ಕಣ್ಣಿಗೆ ಒಂದೇ ಥರ ಕಂಡರೂ ತಿರುಗಿಸಿದರೆ ಸೋರುತ್ತದೆ.

ಭಾರತದಲ್ಲಿ ಇನ್ನೊಂದು ತೊಡಕು ಒತ್ತಡ. ಮಾಳಿಗೆಯ ಟ್ಯಾಂಕ್ ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಮಾತ್ರ. ನಗರದ ಕೊಳವೆಯ ಬಿರುಸಿಗೆ ಮಾಡಿದ ವಾಲ್ವ್ ಇಷ್ಟಕ್ಕೆ ಸರಿಯಾಗಿ ತೆರೆದುಕೊಳ್ಳದೆ ಮಷೀನ್ 'ನೀರಿಲ್ಲ' ಎಂದು ನಿಂತುಬಿಡಬಹುದು. ಮೇಲಿನ ಮಹಡಿಯವರಿಗೆ ಈ ತೊಂದರೆ ಹೆಚ್ಚು ಕಾಡುವುದು ಇದರಿಂದಲೇ.

ಮುಂಬೈ, ಚೆನ್ನೈ, ಮಂಗಳೂರಿನಂತಹ ಕರಾವಳಿಯಲ್ಲಿ ತೇವ ಮತ್ತು ಉಪ್ಪು ಗಾಳಿ ಸರ್ಕ್ಯೂಟ್ ಬೋರ್ಡ್‌ಗಳ ಶತ್ರು. ಬೋರ್ಡ್ ಮೇಲೆ ರಕ್ಷಣಾ ಲೇಪ ಹಚ್ಚುವುದು, ಎರಡು ಟರ್ಮಿನಲ್‌ಗಳ ನಡುವೆ ಹೆಚ್ಚು ಅಂತರ ಬಿಡುವುದು ಇದಕ್ಕೆ ಪರಿಹಾರ. ವೋಲ್ಟೇಜ್ ಏರಿಳಿತ ತಡೆಯುವ ಬೋರ್ಡ್, ಇಲಿ ನುಗ್ಗದಂತೆ ವಾಷಿಂಗ್ ಮಷೀನಿನ ತಳಕ್ಕೆ ಜಾಲರಿ ಇವು ಭಾರತದ ಮಾರುಕಟ್ಟೆಗೆಂದೇ ಸೇರಿದ ವಿಶೇಷಗಳು.

45 ಕೋಟಿ ಡಾಲರಿನ ಎರಡು ಪುಟ್ಟ ತುಂಡುಗಳು

ಬಿಡಿಭಾಗದ ವಿನ್ಯಾಸದಲ್ಲಿ ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎಂಜಿನಿಯರಿಂಗ್ ತರಗತಿಗಳಲ್ಲಿ ಇಂದಿಗೂ ಹೇಳುವ ಉದಾಹರಣೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿಯದು.

ವಿದೇಶಿ ಕಂಪನಿಗಳ ಅಗ್ಗದ ಕಂಪ್ರೆಸರ್‌ಗಳ ಪೈಪೋಟಿ ಎದುರಿಸಲು ಜಿಇ ಹೊಸ ರೋಟರಿ ಕಂಪ್ರೆಸರ್ ರೂಪಿಸಿ, 1986ರಲ್ಲಿ ಟೆನೆಸ್ಸಿಯ ಕಾರ್ಖಾನೆಯಲ್ಲಿ ತಯಾರಿ ಆರಂಭಿಸಿತು. ಖರ್ಚು ಉಳಿಸಲು ಒಳಗಿನ ಎರಡು ಸಣ್ಣ ಭಾಗಗಳನ್ನು ಗಟ್ಟಿ ಉಕ್ಕು, ಎರಕದ ಕಬ್ಬಿಣದ ಬದಲು ಲೋಹದ ಪುಡಿಯನ್ನು ಒತ್ತಿ ಮಾಡಲಾಯಿತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಒಂದೂ ಕಂಪ್ರೆಸರ್ ನಿಲ್ಲಲಿಲ್ಲ. ಆದರೆ ಬಿಚ್ಚಿ ನೋಡಿದ ತಂತ್ರಜ್ಞರಿಗೆ ತಾಮ್ರದ ಸುರುಳಿ ಬಣ್ಣಗೆಟ್ಟಿದ್ದು, ಬೇರಿಂಗ್ ಸವೆದಿದ್ದು, ಎಣ್ಣೆ ಕೆಟ್ಟಿದ್ದು ಕಂಡಿತು. ಮೇಲಿನವರು ಅದಕ್ಕೆ ಕಿವಿಗೊಡಲಿಲ್ಲ.

ಮಾರಾಟವಾದ ಮೇಲೆ ಒಂದೊಂದಾಗಿ ಕಂಪ್ರೆಸರ್ ಕೈಕೊಟ್ಟವು. ಕೊನೆಗೆ ಹತ್ತು ಲಕ್ಷಕ್ಕೂ ಹೆಚ್ಚು ಕಂಪ್ರೆಸರ್ ಬದಲಿಸಬೇಕಾಯಿತು. 1988ರ ಲೆಕ್ಕದಲ್ಲಿ ಜಿಇ ಬರೆದುಕೊಂಡ ಹೊರೆ 45 ಕೋಟಿ ಡಾಲರ್. 'ನಿಂತಿತೇ, ಇಲ್ಲವೇ' ಎಂಬುದಷ್ಟೇ ಪರೀಕ್ಷೆಯಲ್ಲ, ಒಳಗೆ ಏನಾಗಿದೆ ಎಂದು ನೋಡಿದವನ ಮಾತೂ ಪರೀಕ್ಷೆಯ ಭಾಗ ಎಂಬುದು ಈ ಪ್ರಕರಣ ಕಲಿಸಿದ ಪಾಠ.

ಬೆಂಕಿಯ ಮುಂದೆ ಪ್ಲಾಸ್ಟಿಕ್

ಮನೆ ಉಪಕರಣಗಳ ಸುರಕ್ಷತೆಗೆ ಜಗತ್ತಿನ ಮೂಲ ಗ್ರಂಥ ಐಇಸಿ 60335. ಭಾರತದ ಐಎಸ್ 302 ಇದೇ ದಾರಿಯಲ್ಲಿದೆ. ಇದರಲ್ಲಿನ ಮುಖ್ಯ ಪರೀಕ್ಷೆ ಕೆಂಪಗೆ ಕಾದ ತಂತಿಯದು. ಯಾರೂ ಹತ್ತಿರ ಇಲ್ಲದಾಗಲೂ ನಡೆಯುವ ಫ್ರಿಜ್, ವಾಷಿಂಗ್ ಮಷೀನ್‌ಗಳಲ್ಲಿ ವಿದ್ಯುತ್ ಜೋಡಣೆಯನ್ನು ಹಿಡಿದಿಡುವ ಪ್ಲಾಸ್ಟಿಕ್‌ಗೆ 850 ಡಿಗ್ರಿಯ ತಂತಿಯನ್ನು ಒತ್ತಿ ಹಿಡಿಯಲಾಗುತ್ತದೆ. ಬೆಂಕಿ ಹತ್ತಿದರೂ ತಾನಾಗಿ ಬೇಗ ಆರಬೇಕು. ಮಗುವಿನ ಬೆರಳಿಗೆ ಕರೆಂಟ್ ಇರುವ ಭಾಗ ಸಿಗುತ್ತದೆಯೇ ಎಂದು ನೋಡಲು ಕೃತಕ ಬೆರಳನ್ನೂ ಬಳಸುತ್ತಾರೆ.

ಇದು ಕೇವಲ ಕಾಗದದ ಮೇಲಿನ ನಿಯಮವಲ್ಲ ಎಂಬುದನ್ನು ಜಗತ್ತು ನೋಡಿದ್ದು 2017ರ ಜೂನ್ 14ರಂದು. ಲಂಡನ್‌ನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಮಂದಿ ಸತ್ತರು. ನಾಲ್ಕನೇ ಮಹಡಿಯ ಒಂದು ಅಡುಗೆಮನೆಯ ಫ್ರಿಜ್-ಫ್ರೀಜರ್‌ನ ವಿದ್ಯುತ್ ದೋಷದಿಂದ ಬೆಂಕಿ ಹುಟ್ಟಿತು ಎಂದು ವಿಚಾರಣಾ ಆಯೋಗ 2019ರಲ್ಲಿ ವರದಿ ಕೊಟ್ಟಿತು. ಅಷ್ಟು ಸಾವುಗಳಿಗೆ ಮುಖ್ಯ ಕಾರಣ ಕಟ್ಟಡದ ಹೊರಮೈಗೆ ಹೊದಿಸಿದ್ದ ಹೊತ್ತಿಕೊಳ್ಳುವ ಹಲಗೆಗಳು. ಆದರೆ ಕಿಡಿ ಮೊದಲು ಎದ್ದದ್ದು ಫ್ರಿಜ್‌ನಲ್ಲಿ. ಪರಿಣತರೊಬ್ಬರು ಬೆರಳು ತೋರಿಸಿದ್ದು ಕಂಪ್ರೆಸರ್ ಬಳಿಯ ಸಣ್ಣದೊಂದು ತಂತಿ ಜೋಡಣೆಯತ್ತ. ದೋಷ ನಿಖರವಾಗಿ ಏನೆಂದು ಆಯೋಗ ತೀರ್ಮಾನಿಸಲಿಲ್ಲ.

ಅಮೆರಿಕದ ಫ್ರಿಜ್‌ಗಳಿಗೆ ಲೋಹದ ಬೆನ್ನು ಇರುವುದು ರೂಢಿ. ಬ್ರಿಟನ್‌ನಲ್ಲಿ ಪ್ಲಾಸ್ಟಿಕ್ ಬೆನ್ನಿನ ಫ್ರಿಜ್‌ಗಳೂ ಮಾರಾಟವಾಗುತ್ತಿದ್ದವು. ಒಂದು ದೇಶದ ನಿಯಮ ಇನ್ನೊಂದು ದೇಶಕ್ಕಿಂತ ಸಡಿಲವಾಗಿದ್ದರೆ ಅದರ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಆ ಬಳಿಕ ಗಟ್ಟಿಯಾಗಿ ಎದ್ದಿತು.

ಗ್ಯಾಸ್ ಒಂದೇ, ಗ್ರಾಂ ಬೇರೆ

ಫ್ರಿಜ್‌ಗೆ ತುಂಬುವ ಗ್ಯಾಸ್ ಕೂಡ ದೇಶದ ನಿಯಮಕ್ಕೆ ಕಟ್ಟುಬಿದ್ದಿದೆ. ಓಜೋನ್ ಪದರಕ್ಕೆ ಹಾನಿ ಮಾಡುವ ಆರ್-12 ಹೋಗಿ ಆರ್-134ಎ ಬಂತು. ಅದು ಭೂಮಿಯ ಬಿಸಿ ಹೆಚ್ಚಿಸುತ್ತದೆ ಎಂದಾದಾಗ ಐಸೋಬ್ಯುಟೇನ್, ಅಂದರೆ ಆರ್-600ಎ ಮುಂದೆ ಬಂತು. 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಗ್ರೀನ್‌ಪೀಸ್ ಬೆಂಬಲದೊಂದಿಗೆ 'ಗ್ರೀನ್‌ಫ್ರೀಜ್' ಫ್ರಿಜ್‌ಗಳು ಇದಕ್ಕೆ ದಾರಿ ಮಾಡಿಕೊಟ್ಟವು.

ತೊಂದರೆ ಎಂದರೆ ಇದು ಉರಿಯುವ ಅನಿಲ. ಹಾಗಾಗಿ ಫ್ರಿಜ್‌ಗೆ 150 ಗ್ರಾಂ ಮಿತಿ ಇದೆ. ರಿಲೇ, ಥರ್ಮೋಸ್ಟಾಟ್, ಬಾಗಿಲಿನ ದೀಪದ ಸ್ವಿಚ್ ಯಾವುದೂ ಕಿಡಿಯಿಂದ ಸೋರಿದ ಗ್ಯಾಸ್ ಹೊತ್ತಿಸದಂತೆ ಇರಬೇಕು. ಅಮೆರಿಕ 2011ರಲ್ಲಿ ಅನುಮತಿ ಕೊಟ್ಟಾಗ ಮಿತಿಯನ್ನು 57 ಗ್ರಾಂಗೆ ಬಿಗಿಮಾಡಿತ್ತು. ಅಲ್ಲಿನ ಬೀರುವಿನಷ್ಟು ದೊಡ್ಡ ಫ್ರಿಜ್‌ಗಳಿಗೆ ಅಷ್ಟರಲ್ಲಿ ಹೊಂದಿಸುವುದು ಕಷ್ಟ. 2018ರಲ್ಲಿ ಮಿತಿ 150 ಗ್ರಾಂಗೆ ಏರಿದ ಮೇಲೆ ದಾರಿ ಸುಗಮವಾಯಿತು.

ಆ ಗುರುತುಗಳ ಅರ್ಥವೇನು?

* ಐಎಸ್‌ಐ: ಭಾರತೀಯ ಮಾನಕ ಬ್ಯೂರೋ (ಬಿಐಎಸ್) ನೀಡುವ ಗುರುತು
* ಸಿಇ: ಯುರೋಪಿನ ನಿಯಮ ಪಾಲಿಸಿದ್ದೇವೆ ಎಂಬ ತಯಾರಕರ ಘೋಷಣೆ
* ಯುಎಲ್: ಅಮೆರಿಕದಲ್ಲಿ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಗುರುತು
* ಪಿಎಸ್‌ಇ: ಜಪಾನ್
* ಸಿಸಿಸಿ: ಚೀನಾ
* ಚೌಕದೊಳಗೆ ಚೌಕ: ಎರಡು ಪದರದ ಇನ್ಸುಲೇಶನ್ ಇದೆ, ಅರ್ಥಿಂಗ್ ಬೇಕಿಲ್ಲ

ಒಂದೊಂದು ದೇಶಕ್ಕೂ ಮೊದಲಿನಿಂದ ಪರೀಕ್ಷೆ ಮಾಡಿಸಿದರೆ ಸಣ್ಣ ಕಂಪನಿಗಳು ಉಳಿಯುವುದಿಲ್ಲ. ಒಂದು ದೇಶದ ಮಾನ್ಯ ಪ್ರಯೋಗಾಲಯದ ವರದಿಯನ್ನು ಸದಸ್ಯ ದೇಶಗಳು ಒಪ್ಪುವ 'ಸಿಬಿ ಸ್ಕೀಮ್' ಇರುವುದು ಇದಕ್ಕಾಗಿ. ಆಯಾ ದೇಶದ ವಿಶೇಷ ಷರತ್ತುಗಳನ್ನು ಮಾತ್ರ ಹೆಚ್ಚುವರಿಯಾಗಿ ಪರೀಕ್ಷಿಸಿದರೆ ಸಾಕು.

ಬಿಡಿಭಾಗದ ಒಳಗೆ ಏನಿದೆ ಎಂಬುದೂ ಮುಖ್ಯ. 2006ರ ಜುಲೈ 1ರಿಂದ ಯುರೋಪಿನಲ್ಲಿ ಜಾರಿಯಾದ 'ರೋಹ್ಸ್' ನಿಯಮದಂತೆ ಸೀಸ ಶೇ. 0.1, ಕ್ಯಾಡ್ಮಿಯಂ ಶೇ. 0.01ರ ಮಿತಿ ದಾಟುವಂತಿಲ್ಲ. ಕೆಲವು ವಿನಾಯಿತಿ ಬಿಟ್ಟರೆ ಬೋರ್ಡ್‌ಗಳ ಬೆಸುಗೆಯಿಂದ ಸೀಸ ಹೊರಬಿತ್ತು. ತವರ, ಬೆಳ್ಳಿ, ತಾಮ್ರದ ಮಿಶ್ರಣ ಬಂತು. ಭಾರತದಲ್ಲೂ 2012ರ ಮೇ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಇಂಥದ್ದೇ ಮಿತಿಗಳಿದ್ದವು.

ಬಿಡಿಭಾಗ ಎಷ್ಟು ವರ್ಷ ಸಿಗಬೇಕು?

'ಈ ಮಾಡೆಲ್ ನಿಂತುಹೋಗಿದೆ, ಪಾರ್ಟ್ ಸಿಗಲ್ಲ' ಎಂಬ ಮಾತು ಕೇಳದವರು ವಿರಳ. ಯುರೋಪ್ ಇದಕ್ಕೆ ಕಾನೂನಿನ ಮೂಲಕವೇ ಉತ್ತರ ಕೊಟ್ಟಿದೆ. 2021ರ ಮಾರ್ಚ್ 1ರಿಂದ ಅಲ್ಲಿ ಮಾರುವ ಫ್ರಿಜ್‌ಗಳ ಥರ್ಮೋಸ್ಟಾಟ್, ಸೆನ್ಸರ್, ಸರ್ಕ್ಯೂಟ್ ಬೋರ್ಡ್‌ಗಳು ಆ ಮಾದರಿಯ ಕೊನೆಯ ಫ್ರಿಜ್ ಮಾರುಕಟ್ಟೆಗೆ ಬಂದ ಮೇಲೂ 7 ವರ್ಷ, ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ 10 ವರ್ಷ ಸಿಗಬೇಕು. ವಾಷಿಂಗ್ ಮಷೀನಿನ ಮುಖ್ಯ ಭಾಗಗಳಿಗೂ 10 ವರ್ಷ.

ಇದು ವಿನ್ಯಾಸದ ಮೇಜಿನವರೆಗೂ ಮುಟ್ಟುತ್ತದೆ. ಅಂಟು ಹಾಕಿ ಮುಚ್ಚುವ ಬದಲು ಸ್ಕ್ರೂ ಹಾಕಬೇಕು. ಹಲವು ಮಾದರಿಗಳಿಗೆ ಒಂದೇ ಭಾಗ ಹೊಂದುವಂತೆ ಮಾಡಬೇಕು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಆರಂಭಿಸಿದೆ. ಬಿಡಿಭಾಗ, ರಿಪೇರಿಯ ಮಾಹಿತಿ ಅಲ್ಲಿ ಸಿಗುತ್ತದೆ. ಆದರೆ ಯುರೋಪಿನ ಹಾಗೆ ಇಷ್ಟು ವರ್ಷ ಕೊಡಲೇಬೇಕು ಎಂಬ ಬಿಗಿ ಅದರಲ್ಲಿಲ್ಲ.

ಭಾರತಕ್ಕೆ, ಕರ್ನಾಟಕಕ್ಕೆ ಇದರಲ್ಲಿ ಏನಿದೆ?

ಪುಣೆ ಬಳಿಯ ರಂಜನಗಾಂವ್, ಚೆನ್ನೈ ಬಳಿಯ ಶ್ರೀಪೆರಂಬುದೂರು, ದೆಹಲಿ ಸಮೀಪದ ನೋಯ್ಡಾ ಸುತ್ತಮುತ್ತ ಜಗತ್ತಿನ ದೊಡ್ಡ ಬ್ರ್ಯಾಂಡ್‌ಗಳ ಕಾರ್ಖಾನೆಗಳಿವೆ. ಆದರೆ ಹೆಚ್ಚಿನ ಮೌಲ್ಯ ಇರುವುದು ಜೋಡಣೆಯಲ್ಲಲ್ಲ, ಬಿಡಿಭಾಗದಲ್ಲಿ. ಇದನ್ನು ಮನಗಂಡೇ ಕೇಂದ್ರ ಸರ್ಕಾರ 2021ರ ಏಪ್ರಿಲ್‌ನಲ್ಲಿ ಎಸಿ ಮತ್ತು ಎಲ್‌ಇಡಿ ದೀಪಗಳ ಬಿಡಿಭಾಗಗಳಿಗೆ 6,238 ಕೋಟಿ ರೂಪಾಯಿಯ ಉತ್ಪಾದನೆ ಆಧಾರಿತ ಪ್ರೋತ್ಸಾಹ ಯೋಜನೆ (ಪಿಎಲ್‌ಐ) ಪ್ರಕಟಿಸಿತು. ಕಂಪ್ರೆಸರ್, ಮೋಟಾರ್, ತಾಮ್ರದ ಕೊಳವೆ ಇದರ ವ್ಯಾಪ್ತಿಯಲ್ಲಿವೆ.

ಕರ್ನಾಟಕದ ಪಾಲೂ ಸಣ್ಣದಲ್ಲ. ವಿದ್ಯುತ್ ಉಪಕರಣಗಳ ಪರೀಕ್ಷೆಗೆ ಹೆಸರಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) 1960ರಿಂದ ಬೆಂಗಳೂರಿನಲ್ಲಿದೆ. ಪೀಣ್ಯದ ಸಣ್ಣ ಕೈಗಾರಿಕೆಗಳು ಅಚ್ಚು, ಪ್ರೆಸ್ ಮಾಡಿದ ಲೋಹದ ಭಾಗ, ಪ್ಲಾಸ್ಟಿಕ್ ಭಾಗ ಮಾಡುವುದರಲ್ಲಿ ಪಳಗಿವೆ. ಇಂತಹ ಘಟಕವೊಂದು ರಫ್ತಿಗೆ ಇಳಿಯಬೇಕಾದರೆ ಬೆಲೆಗಿಂತ ಮೊದಲು ಕೇಳಿಬರುವುದು ಕಾಗದಪತ್ರ: ಬಳಸಿದ ಪ್ಲಾಸ್ಟಿಕ್ ಯಾವ ದರ್ಜೆ, 850 ಡಿಗ್ರಿ ಪರೀಕ್ಷೆಯ ವರದಿ ಎಲ್ಲಿ, ಸೀಸ ಇಲ್ಲ ಎಂಬ ಪ್ರಮಾಣ ಎಲ್ಲಿ, ಈ ತಿಂಗಳ ಸರಕು ಮತ್ತು ಹೋದ ವರ್ಷದ ಸರಕು ಒಂದೇ ಎಂಬುದಕ್ಕೆ ಗ್ಯಾರಂಟಿ ಏನು? ಒಂದು ಸಲ ಒಪ್ಪಿಗೆಯಾದ ಪ್ಲಾಸ್ಟಿಕ್ಕನ್ನು ಹೇಳದೆ ಕೇಳದೆ ಅಗ್ಗದ್ದಕ್ಕೆ ಬದಲಿಸಿದರೆ ಇಡೀ ಉಪಕರಣದ ಪ್ರಮಾಣಪತ್ರವೇ ಬಿದ್ದುಹೋಗಬಹುದು.

ಉಪಕರಣ ಒಯ್ಯುವವರು, ತರುವವರು ಗಮನಿಸಿ

* ಉಪಕರಣದ ತಳ ಅಥವಾ ಹಿಂಬದಿಯ ಪಟ್ಟಿ ಓದಿ. '100-240 ವೋಲ್ಟ್, 50/60 ಹರ್ಟ್ಜ್' ಎಂದಿದ್ದರೆ ಪ್ಲಗ್ ಅಡಾಪ್ಟರ್ ಸಾಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ ಹೀಗಿರುತ್ತವೆ.
* '230 ವೋಲ್ಟ್' ಎಂದಷ್ಟೇ ಇದ್ದರೆ ಅಮೆರಿಕ, ಜಪಾನ್‌ಗಳಿಗೆ ಟ್ರಾನ್ಸ್‌ಫಾರ್ಮರ್ ಬೇಕು. ಅಡಾಪ್ಟರ್ ಪಿನ್ ಬದಲಿಸುತ್ತದೆ, ವೋಲ್ಟ್ ಬದಲಿಸುವುದಿಲ್ಲ.
* '120 ವೋಲ್ಟ್' ಎಂದಷ್ಟೇ ಇರುವುದನ್ನು ಭಾರತದ ಸಾಕೆಟ್ಟಿಗೆ ನೇರವಾಗಿ ಹಾಕಲೇಬೇಡಿ.
* '50 ಹರ್ಟ್ಜ್' ಮಾತ್ರ ಎಂದಿರುವ ಗ್ರೈಂಡರನ್ನು 60 ಹರ್ಟ್ಜ್ ದೇಶಕ್ಕೆ ಒಯ್ಯುವ ಬದಲು ಅಲ್ಲಿಗೆಂದೇ ಮಾಡಿದ ಮಾದರಿ ಕೊಳ್ಳುವುದು ಲೇಸು.
* ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಉಪಕರಣದ ವ್ಯಾಟ್‌ಗಿಂತ ಧಾರಾಳವಾಗಿ ಹೆಚ್ಚು ಸಾಮರ್ಥ್ಯದ್ದನ್ನು ಆರಿಸಿ. ಮೋಟಾರ್ ಶುರುವಾಗುವಾಗ ಹೆಚ್ಚು ಕರೆಂಟ್ ಎಳೆಯುತ್ತದೆ.
* ಮೂರು ಪಿನ್ನಿನ ಉಪಕರಣಕ್ಕೆ ಎರಡು ಪಿನ್ ಅಡಾಪ್ಟರ್ ಹಾಕಿದರೆ ಅರ್ಥಿಂಗ್ ತಪ್ಪುತ್ತದೆ. ಲೋಹದ ಮೈಯ ಉಪಕರಣಗಳಲ್ಲಿ ಇದು ಜೀವಕ್ಕೇ ಅಪಾಯ.
* ವಿದೇಶದಲ್ಲಿ ಕೊಂಡ ಉಪಕರಣಕ್ಕೆ ಇಲ್ಲಿ ವಾರಂಟಿ, ಬಿಡಿಭಾಗ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಅಂಗಡಿಯಾತ 'ಇಲ್ಲಿಗಾ, ಅಮೆರಿಕಕ್ಕಾ?' ಎಂದು ಕೇಳಿದಾಗ ಬೇಸರಿಸದೆ ಸರಿಯಾದ ಉತ್ತರ ಕೊಡಿ. ಪೆಟ್ಟಿಗೆ ಕೈಗೆ ಬಂದ ಮೇಲೆ ಒಮ್ಮೆ ಮಗುಚಿ, ತಳದ ಪಟ್ಟಿಯನ್ನು ನೀವೇ ಓದಿ. ಅಲ್ಲಿರುವ ಎರಡು ಸಾಲಿನ ಅಂಕಿಗಳಲ್ಲಿ ಆ ಉಪಕರಣ ಯಾವ ಊರಿನ ಅಡುಗೆಮನೆಗೆ ಹುಟ್ಟಿದ್ದು ಎಂಬುದು ಬರೆದಿರುತ್ತದೆ.